ಎರಡೂವರೆ ಅಂದರೆ ಎರಡಾ, ಮೂರಾ?

ಕೇಳುಗರಿಗೆ ನಮಸ್ಕಾರ.

ಎರಡೂವರೆಯನ್ನು ಪೂರ್ಣಸಂಖ್ಯೆ ಮಾಡಿ ಅಂದರೆ ಏನು ಹೇಳುತ್ತೀರಿ? ಮೂರು, ಅಲ್ವಾ? ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದೂ ಅದನ್ನೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ರೌಂಡ್ ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ಎರಡೂವರೆ ಕೊಟ್ಟರೆ ಎರಡು ಅನ್ನುತ್ತದೆ. ಮೂರೂವರೆ ಕೊಟ್ಟರೆ ನಾಲ್ಕು! ಮೊದಲ ಸಲ ಇದನ್ನು ಕಂಡಾಗ ಕಂಪ್ಯೂಟರೇ ಕೆಟ್ಟಿದೆ ಅಂದುಕೊಂಡಿದ್ದೆ.

ಕೆಟ್ಟಿರಲಿಲ್ಲ. ಸರಿಯಾಗಿ ಮಧ್ಯದಲ್ಲಿ ನಿಂತ ಸಂಖ್ಯೆ ಪಕ್ಕದ ಸಮಸಂಖ್ಯೆಯ ಕಡೆ ಹೋಗಬೇಕು ಎಂಬುದು ಅಲ್ಲಿನ ನಿಯಮ. ಅರ್ಧಗಳೆಲ್ಲ ಯಾವಾಗಲೂ ಮೇಲಕ್ಕೇ ಏರಿದರೆ ದೊಡ್ಡ ಲೆಕ್ಕಗಳಲ್ಲಿ ಮೊತ್ತ ಸುಮ್ನೆ ಉಬ್ಬುತ್ತದೆ. 2008ರಲ್ಲಿ ಪೈಥಾನ್ 3 ಬಂದಾಗ ಈ ನಿಯಮವೂ ಬಂತು. ಹಳೆಯ ಪೈಥಾನ್ 2ರಲ್ಲಿ ಮೇಷ್ಟ್ರ ಉತ್ತರವೇ ಇತ್ತು. ನನ್ನ ಗೊಂದಲ ಬಿಡಿಸಿದ್ದು ಪೈಥಾನ್ ಕೈಪಿಡಿಯ, ಅಂದರೆ ಡಾಕ್ಯುಮೆಂಟೇಶನ್‌ನ, ಒಂದೆರಡು ಸಾಲು. ಅಲ್ಲೇ ಕೆಳಗೆ ಇನ್ನೊಂದು ಎಚ್ಚರಿಕೆಯೂ ಇದೆ: 2.675ನ್ನು ಎರಡು ದಶಮಾಂಶಕ್ಕೆ ಇಳಿಸಿದರೆ 2.67 ಬರುತ್ತದೆ, 2.68 ಅಲ್ಲ, ಇದು ದೋಷವಲ್ಲ ಅಂತ. ಇದಕ್ಕೆ ಕಾರಣ ಸಮಸಂಖ್ಯೆಯ ನಿಯಮವಲ್ಲ, 2.675 ಕಂಪ್ಯೂಟರಿನೊಳಗೆ ಪೂರ್ತಿ ನಿಖರವಾಗಿ ಕೂರದಿರುವುದು. ಯಾರೋ ಎಡವಿದ್ದಕ್ಕೇ ಆ ಸಾಲು ಹುಟ್ಟಿರಬೇಕು.

ಪಳಗಿದವರಿಗೆ ಇಂಥವು ಕಾಣುವುದಿಲ್ಲ. ದಿನಾ ಓಡಾಡುವ ಮನೆಯ ಹೊಸ್ತಿಲು ಯಾರ ಕಣ್ಣಿಗೆ ಬೀಳುತ್ತದೆ? ಎಡವುವವರು ನೆಂಟರು. ಹಾಗಾಗಿ ಕೈಪಿಡಿ ತಿದ್ದುವ ಕೆಲಸಕ್ಕೆ ಈಗಷ್ಟೇ ಕಲಿಯುತ್ತಿರುವವರೂ ಬೇಕು.

ಪೈಥಾನ್ ಮುಕ್ತ ತಂತ್ರಾಂಶ. ಅದರ ಕೋಡ್ ಗಿಟ್‌ಹಬ್ ಎಂಬ, ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಕೈಪಿಡಿಯೂ ಅದೇ ಕೋಡ್‌ನ ಜೊತೆ, ಡಾಕ್ ಎಂಬ ಫೋಲ್ಡರಿನಲ್ಲಿದೆ. ಎಲ್ಲವೂ ಸಾದಾ ಪಠ್ಯದ ಕಡತಗಳು. ಅವನ್ನು ಚಂದದ ಪುಟಗಳಾಗಿ ಮಾಡಿಕೊಡುವ ಸ್ಫಿಂಕ್ಸ್ ಎಂಬ ಸಾಧನ ಹುಟ್ಟಿದ್ದೇ ಪೈಥಾನ್ ಕೈಪಿಡಿಗೋಸ್ಕರ. ನೀವು ಒಂದು ವಾಕ್ಯ ತಿದ್ದಿ ಪುಲ್ ರಿಕ್ವೆಸ್ಟ್, ಅಂದರೆ ಈ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಬಹುದು. ಮೊದಲ ಸಲ, ನೀವು ಬರೆದದ್ದನ್ನು ಬಳಸಲು ಒಪ್ಪಿಗೆ ಕೊಡುವ ಒಂದು ಒಪ್ಪಂದಕ್ಕೆ ಸಹಿ ಕೇಳುತ್ತಾರೆ, ಅಷ್ಟೇ.

ಹೊಸಬರ ಉತ್ಸಾಹದಲ್ಲಿ ಒಂದು ಅಪಾಯ ಇದೆ. ಎರಡು ಸಾಲು ಸಾಕಾದ ಕಡೆ ಎರಡು ಪುಟ ಬರೆದುಬಿಡುತ್ತಾರೆ. ಪೈಥಾನ್‌ನಲ್ಲಿ ಕಲಿಯುವವರಿಗೆ ಟ್ಯುಟೋರಿಯಲ್ ಬೇರೆ, ತಕ್ಷಣ ನೋಡಿಕೊಳ್ಳಲು ರೆಫರೆನ್ಸ್ ಬೇರೆ. ರೆಫರೆನ್ಸ್ ತೆರೆಯುವವರು ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಸಾಸಿವೆ ಡಬ್ಬಿ ಹುಡುಕುವವರ ಹಾಗೆ. ಅವರಿಗೆ ಸಾಸಿವೆಯ ಚರಿತ್ರೆ ಬೇಡ. ಅದಕ್ಕೇ ರೌಂಡ್‌ನ ಪುಟದಲ್ಲಿ ಎಚ್ಚರಿಕೆ ಚಿಕ್ಕದು. ದಶಮಾಂಶಗಳು ಕಂಪ್ಯೂಟರಿನೊಳಗೆ ಪೂರ್ತಿ ನಿಖರವಾಗಿ ಯಾಕೆ ಕೂರುವುದಿಲ್ಲ ಎಂಬ ಉದ್ದದ ಕತೆ ಟ್ಯುಟೋರಿಯಲ್‌ನಲ್ಲಿದೆ, ಅಲ್ಲಿಗೆ ದಾರಿ ತೋರಿಸಿದ್ದಾರೆ. ನನಗೆ ಆ ಪುಟದಲ್ಲಿ ತುಂಬ ಇಷ್ಟವಾದದ್ದೇ ಈ ಸಂಯಮ.

ಮನೆಯಲ್ಲಿ ಪೈಥಾನ್ ಇದ್ದರೆ ಇವತ್ತು ರೌಂಡ್‌ಗೆ ನಾಲ್ಕೂವರೆ ಕೊಟ್ಟು ನೋಡಿ. ಆಮೇಲೆ ಕೈಪಿಡಿಯ ಪುಟ ಓದಿ. ಎಲ್ಲಿ ಎಡವಿದಿರೋ ಅಲ್ಲೊಂದು ಗುರುತು ಹಾಕಿಕೊಳ್ಳಿ. ಉತ್ತರ ನಾನು ಹೇಳುವುದಿಲ್ಲ. ನಮಸ್ಕಾರ.