ಎಣ್ಣೆ ಮಳೆಗಾಲಕ್ಕೆ ಬಂದರೆ ಏನು ಪ್ರಯೋಜನ?

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ 'ಸಾರ್ವಜನಿಕ ಆರೋಗ್ಯ ಮತ್ತು ಸರ್ಕಾರದ ಅನುದಾನ'. ಹೆಸರು ಕೇಳಿದ ಕೂಡಲೇ ರೇಡಿಯೋದ ಕಿವಿ ತಿರುಪಬೇಡಿ. ಇದು ಬರೀ ವಿಧಾನಸೌಧದವರ ವಿಷಯ ಅಲ್ಲ. ನಾಳೆ ಬೆಳಗ್ಗೆ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಲು ಬೆಟ್ಟಕ್ಕೆ ಹೋಗುವವರ ವಿಷಯ. ಕೊಟ್ಟಿಗೆಗೆ ಸೊಪ್ಪು ತರುವವರ ವಿಷಯ. ಇದೀಗ ಅಡಿಕೆ ಸುಲಿಯುತ್ತಾ ನನ್ನ ಮಾತು ಕೇಳುತ್ತಿದ್ದೀರಲ್ಲ, ನಿಮ್ಮ ವಿಷಯ.

ನಾನು ಹೇಳಬೇಕಾದದ್ದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರೋಗ ಬರುವ ಮೊದಲು ದುಡ್ಡು ಬರಬೇಕು. ಸಾಕಷ್ಟು ಬರಬೇಕು. ಪ್ರತಿ ವರ್ಷ ಬರಬೇಕು.

ನಮಗೆಲ್ಲ ಗೊತ್ತಿರುವ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದರ ವೈರಸ್ ಪತ್ತೆಯಾಯಿತು. ಹಾಗಾಗಿ ಪ್ರಪಂಚದ ವೈದ್ಯರೆಲ್ಲ ಇದನ್ನು ಕರೆಯುವುದೇ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಎಂದು. ನಮ್ಮ ಊರೊಂದಕ್ಕೆ ಇಂಥ ಹೆಸರು ಬರಬೇಕಿತ್ತಾ ಅನಿಸುತ್ತದೆ. ಇರಲಿ.

ಕಾಯಿಲೆ ಹರಡುವ ಬಗೆ ಸರಳ. ವೈರಸ್ ಇರುವ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಮಂಗನಿಗೂ ಜ್ವರ, ಮನುಷ್ಯನಿಗೂ ಜ್ವರ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಉದುರಿ ಅಲ್ಲೇ ದರಗಿನೊಳಗೆ ಸೇರಿಕೊಳ್ಳುತ್ತವೆ. ಗುಡಿಸಲು ಹೋದವರ ಕಾಲಿಗೆ ಹತ್ತುತ್ತವೆ. ನಮಗೆ ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಸಾಸಿವೆ ಕಾಳಿಗಿಂತ ಸಣ್ಣದು, ಕಣ್ಣಿಗೆ ಕಾಣುವುದೇ ಕಷ್ಟ. ಮೂರರಿಂದ ಎಂಟು ದಿನದಲ್ಲಿ ಜ್ವರ, ವಿಪರೀತ ತಲೆನೋವು, ಸೊಂಟ ನೋವು, ಕೆಲವರಿಗೆ ಒಸಡಿನಲ್ಲಿ ರಕ್ತ. ಜ್ವರ ಬಿಟ್ಟಿತು ಅಂದುಕೊಂಡ ಮೇಲೂ ಕೆಲವರಿಗೆ ವಾರ ಎರಡು ವಾರ ಬಿಟ್ಟು ಮತ್ತೆ ಬರುತ್ತದೆ, ಆಗ ಮೆದುಳಿಗೂ ಏರುತ್ತದೆ. ನೂರು ಜನರಿಗೆ ಕಾಯಿಲೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧಿ ಇಲ್ಲ.

ಹಾಗಾಗಿ ಬಾರದಂತೆ ತಡೆಯುವುದೊಂದೇ ದಾರಿ. ಅದಕ್ಕೆ ಏನೇನು ಬೇಕು? ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಮೊದಲು ಡಿಎಂಪಿ ಕೊಡುತ್ತಿದ್ದರು, ಈಗ ಡೆಪಾ. ಮಂಗ ಸತ್ತ ಜಾಗದ ಸುತ್ತ 50 ಅಡಿ ಉದುರಿಸಲು, ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ. ಕಾಡಿನಲ್ಲಿ ಬಟ್ಟೆ ಎಳೆದು ಉಣುಗು ಹಿಡಿದು ಪರೀಕ್ಷೆಗೆ ಕಳಿಸುವ ಸಿಬ್ಬಂದಿ. ಲ್ಯಾಬು. ಮನೆ ಮನೆಗೆ ಹೋಗುವ ಆಶಾ. ಒಂದು ಜೀಪು, ಅದಕ್ಕೆ ಡೀಸೆಲ್. ಇದರಲ್ಲಿ ಯಾವುದೂ ರಾಕೆಟ್ ವಿದ್ಯೆ ಅಲ್ಲ. ಆದರೆ ಇಷ್ಟೂ ನವೆಂಬರ್ ಮುಗಿಯುವುದರೊಳಗೆ ಊರಲ್ಲಿ ಇರಬೇಕು. ಯಾಕೆಂದರೆ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ನಾನು ಶರಾವತಿ ಹಿನ್ನೀರಿನ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯನಾಗಿದ್ದಾಗಿನ ಮಾತು. ಜನವರಿ ತಿಂಗಳು. ಅಡಿಕೆ ಕೊನೆಕೊಯ್ಲು ಜೋರಾಗಿ ನಡೆದಿತ್ತು. ಒಂದು ಬೆಳಗ್ಗೆ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. "ಸಾರ್, ಸೊಪ್ಪಿನ ಬೆಟ್ಟದಲ್ಲಿ ಮುಸಿಯ ಸತ್ತು ಬಿದ್ದಿದೆ. ದರಗಿಗೆ ಹೋದ ಅಕ್ಕ ಒಬ್ಬರು ನೋಡಿದ್ದಾರೆ. ಬೇಗ ಬನ್ನಿ."

ಬೇಗ ಹೋಗುವುದು ಹೇಗೆ? ಜೀಪಿನಲ್ಲಿ ಡೀಸೆಲ್ ಇಲ್ಲ. ಪೇಟೆಯ ಬಂಕಿನವರು ಹಳೇ ಬಾಕಿ ತೀರಿಸುವ ತನಕ ಹಾಕುವುದಿಲ್ಲ ಎಂದು ಕೈ ಎತ್ತಿಬಿಟ್ಟಿದ್ದರು. ಅವರದ್ದೇನು ತಪ್ಪು? ಎಷ್ಟು ತಿಂಗಳು ಅಂತ ಸರ್ಕಾರಕ್ಕೆ ಸಾಲ ಕೊಡುತ್ತಾರೆ? ಮೇಲಿನ ಕಚೇರಿಗೆ ಫೋನ್ ಮಾಡಿದರೆ ಒಂದೇ ಉತ್ತರ, "ಅನುದಾನ ಇನ್ನೂ ಬಿಡುಗಡೆ ಆಗಿಲ್ಲ, ಹೇಗಾದರೂ ಅಡ್ಜಸ್ಟ್ ಮಾಡಿ." ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್ ಅಡ್ಜಸ್ಟ್ ಮಾಡಿದರು. ಅಂದರೆ ತಮ್ಮ ಜೇಬಿನಿಂದ ಡೀಸೆಲ್ ಹಾಕಿಸಿದರು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಮಗಳ ಮದುವೆಗೆ ಕೂಡಿಟ್ಟ ದುಡ್ಡು. ಆ ಬಿಲ್ಲು ಅವರಿಗೆ ಯಾವತ್ತೂ ಪಾಸಾಗಲಿಲ್ಲ.

ಆಮೇಲೆ ಪುಡಿ. ಉಗ್ರಾಣದಲ್ಲಿ ಇದ್ದದ್ದು ಹೋದ ವರ್ಷ ಉಳಿದ ಒಂದು ಚೀಲ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ತಂಡಿಗೆ ಅದು ಗಟ್ಟಿಯಾಗಿ ಹೆಂಟೆ ಕಟ್ಟಿತ್ತು. ನಮ್ಮ ಗ್ರೂಪ್ ಡಿ ನೌಕರ ಮೂಗಿಗೆ ಟವೆಲ್ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಆಸ್ಪತ್ರೆಯ ಹಿಂದಿನ ಕಲ್ಲಿನ ಮೇಲೆ ಆ ಹೆಂಟೆಗಳನ್ನು ಕುಟ್ಟಿದ. ಗಾರೆ ಕೆಲಸದವರ ಹತ್ತಿರ ಮರಳು ಜರಡಿ ಇಸಿದುಕೊಂಡು ಬಂದು ಜರಡಿ ಹಿಡಿದ. ಅಷ್ಟು ಮಾಡಿ ಸಿಕ್ಕಿದ್ದು ಅರ್ಧ ಚೀಲ. ಆ ಅರ್ಧ ಚೀಲ ಹಿಡಿದುಕೊಂಡು ನಾವು ಬೆಟ್ಟ ಹತ್ತಿದೆವು.

ಅಲ್ಲಿ ಊರವರು ಆಗಲೇ ಸೇರಿದ್ದರು. ಒಬ್ಬ ಅಜ್ಜ ತುಳಸಿ, ತಂಬಿಗೆಯಲ್ಲಿ ನೀರು, ಒಂದು ಬಿಳಿ ಪಂಚೆ ಹಿಡಿದುಕೊಂಡು ಬಂದಿದ್ದರು. "ಹನುಮಂತ ದೇವರು ಮಾರಾಯ್ರೇ, ಹೀಗೆ ಬಿಡಲಿಕ್ಕೆ ಆಗುತ್ತದಾ?" ಅನ್ನುವುದು ಅವರ ಮಾತು. ಬೈದರೆ ಕೇಳುತ್ತಾರಾ? ಹೇಗೂ ಸುಡುವುದೇ ಸರಿಯಾದ ಕ್ರಮ. ಆದ್ದರಿಂದ "ಅಜ್ಜ, ಸಂಸ್ಕಾರ ನಾವೇ ಮಾಡುತ್ತೇವೆ, ನೀವು ಆ ಮರದ ಹತ್ತಿರ ನಿಂತು ನೀರು ಬಿಡಿ, ದೇವರಿಗೆ ಮುಟ್ಟುತ್ತದೆ" ಎಂದೆ. ಒಪ್ಪಿದರು. ಅಷ್ಟರಲ್ಲಿ ಪಶುವೈದ್ಯರು ಬಂದು ಸ್ಯಾಂಪಲ್ ತೆಗೆದರು, ನಾವು ಐಸ್ ಡಬ್ಬಿಯಲ್ಲಿ ಇಟ್ಟು ಶಿವಮೊಗ್ಗದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆವು. ಪುಡಿ 50 ಅಡಿಗೆ ಸಾಲಲಿಲ್ಲ. ಊರಿನ ಕಡೆಯ ಕಾಲುದಾರಿಗೆ ಆದಷ್ಟು ಉದುರಿಸಿದೆವು. ಇನ್ನು ಎಣ್ಣೆ ಕೇಳಿದವರಿಗೆ ಏನು ಹೇಳುವುದು? ಒಂದು ಬಾಟಲಿಯೂ ಇರಲಿಲ್ಲ.

ಮಂಗವನ್ನು ಮೊದಲು ನೋಡಿದ ಆ ಅಕ್ಕನಿಗೆ ಅದೇ ವಾರ ಜ್ವರ ಬಂತು. ಅವರು ಮೊದಲು ಹೋದದ್ದು ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ. ಅಲ್ಲಿ ಡ್ರಿಪ್ಪು, ಸ್ಕ್ಯಾನು, ಮತ್ತೆ ಡ್ರಿಪ್ಪು. ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ ನಮ್ಮ ಹತ್ತಿರ ಬಂದರು. ದೇವರ ದಯೆ, ಬದುಕಿಕೊಂಡರು. ಆದರೆ ಆ ಸುಗ್ಗಿಯ ಕೂಲಿ ಪೂರ್ತಿ ಹೋಯಿತು. ಗಂಡನೂ ಆಸ್ಪತ್ರೆಯಲ್ಲೇ ಕೂತ. ಕರೆಯುವ ಹಸು ಮಾರಿದರು.

ಈಗ ಮುಖ್ಯ ಭಾಗ ಕೇಳಿ. ಅನುದಾನ ಬಂತು! ಯಾವಾಗ? ಮಾರ್ಚ್ ಮೂರನೇ ವಾರ. ಜೊತೆಗೆ ಒಂದು ಪತ್ರ: 31ರೊಳಗೆ ಪೂರ್ತಿ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕಳಿಸಿ, ಇಲ್ಲದಿದ್ದರೆ ವಾಪಸ್. ಕೊಟೇಶನ್ ಕರೆದು, ಆರ್ಡರ್ ಕೊಟ್ಟು, ಎಣ್ಣೆ ಬಂದು ಇಳಿದಾಗ ಜೂನ್. ಹೊರಗೆ ಧೋ ಎಂದು ಮಳೆ. ಪೆಟ್ಟಿಗೆ ಪೆಟ್ಟಿಗೆ ಎಣ್ಣೆ ಇಳಿಸಿಕೊಂಡೆವು. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಅಂದರು. ಬಾಟಲಿಯ ಮೇಲೆ ಬರೆದ ಅವಧಿ ನೋಡಿದರೆ ಅದು ಡಿಸೆಂಬರಿಗೇ ಮುಗಿಯುತ್ತಿತ್ತು. ಕಾಗದದ ಮೇಲೆ ಮಾತ್ರ ಎಲ್ಲಾ ಸರಿ. ಇಷ್ಟು ಲಕ್ಷ ಕೊಟ್ಟೆವು, ಇಷ್ಟು ಲಕ್ಷ ಖರ್ಚಾಯಿತು.

ಅದಕ್ಕೇ ನಾನು ಹೇಳುವುದು. ರೋಗ ಬರುವ ಮೊದಲು ದುಡ್ಡು ಬರಬೇಕು.

ಈ ಕತೆ ಹೇಳುವುದರಲ್ಲೇ ನನಗೆ ಕೊಟ್ಟ ಸಮಯದಲ್ಲಿ ಬಹಳಷ್ಟು ಹೋಯಿತು. ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ.

ಲಸಿಕೆ. 1990ರಿಂದ ನಮ್ಮಲ್ಲಿ ಮಂಗನ ಕಾಯಿಲೆಗೆ ಲಸಿಕೆ ಕೊಡುತ್ತಿದ್ದರು. ನೋವಿನ ಇಂಜೆಕ್ಷನ್, ತೋಳು ಊದುತ್ತಿತ್ತು, ನೆನಪಿರುತ್ತದೆ. ಅದು ಸತ್ವ ಪರೀಕ್ಷೆಯಲ್ಲಿ ನಿಲ್ಲದೆ 2022ರಲ್ಲಿ ನಿಂತುಹೋಯಿತು. ಹೊಸದರ ಕೆಲಸವನ್ನು ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಕೈಗೆತ್ತಿಕೊಂಡಿದೆ. ಒಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ವರ್ಷ ಯಾವ ದೊಡ್ಡ ಔಷಧಿ ಕಂಪನಿಯೂ ತಾನಾಗಿ ಇದಕ್ಕೆ ಒಳ್ಳೆಯ ಲಸಿಕೆ ಯಾಕೆ ಮಾಡಲಿಲ್ಲ? ಉತ್ತರ ನಿಮಗೇ ಗೊತ್ತು. ಈ ಕಾಯಿಲೆ ಬರುವುದು ಕಾಡಿನ ಅಂಚಿನ ಕೂಲಿಯವರಿಗೆ, ಸಣ್ಣ ಹಿಡುವಳಿದಾರರಿಗೆ. ಅದರಲ್ಲಿ ಲಾಭ ಇಲ್ಲ. ಲಾಭ ಇಲ್ಲದ ಕಡೆ ಕೆಲಸ ಮಾಡಬೇಕಾದವರು ಸರ್ಕಾರದವರೇ. ಬೇರೆ ಯಾರೂ ಬರುವುದಿಲ್ಲ.

ಕೆಲವರು ಹೇಳುತ್ತಾರೆ, ಈಗ ಆಯುಷ್ಮಾನ್ ಕಾರ್ಡ್ ಇದೆಯಲ್ಲ ಡಾಕ್ಟ್ರೇ, ಬಿಪಿಎಲ್‌ನವರಿಗೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದಲ್ಲ. ಸಿಗಲಿ, ಒಳ್ಳೆಯದೇ. ಆದರೆ ಕಾರ್ಡು ಉಣುಗನ್ನು ಸಾಯಿಸುವುದಿಲ್ಲ. ಕಾರ್ಡಿನ ಕೆಲಸ ಶುರುವಾಗುವುದು ನೀವು ಮಂಚದ ಮೇಲೆ ಮಲಗಿದ ಮೇಲೆ. ನಾನು ಹೇಳುತ್ತಿರುವುದು ಮಂಚ ಹತ್ತದ ಹಾಗೆ ಮಾಡುವ ದುಡ್ಡಿನ ಬಗ್ಗೆ.

ಒಟ್ಟು ಆರೋಗ್ಯಕ್ಕೇ ಎಷ್ಟು ಕೊಡುತ್ತಿದ್ದೇವೆ? 2017ರ ರಾಷ್ಟ್ರೀಯ ಆರೋಗ್ಯ ನೀತಿ ಏನು ಹೇಳಿತು ಗೊತ್ತಾ? ದೇಶದ ಉತ್ಪನ್ನ 100 ರೂಪಾಯಿ ಅಂತಿಟ್ಟುಕೊಂಡರೆ, 2025ರ ಹೊತ್ತಿಗೆ ಅದರಲ್ಲಿ 2 ರೂಪಾಯಿ 50 ಪೈಸೆಯಷ್ಟನ್ನು ಕೇಂದ್ರ, ರಾಜ್ಯ ಎರಡೂ ಸೇರಿ ಆರೋಗ್ಯಕ್ಕೆ ಖರ್ಚು ಮಾಡಬೇಕು. 2021-22ರ ಲೆಕ್ಕದಲ್ಲಿ, ಅದೂ ಕೋವಿಡ್ ಕಾಲದಲ್ಲಿ, ಅದು 1 ರೂಪಾಯಿ 84 ಪೈಸೆ. ರಾಜ್ಯಗಳು ತಮ್ಮ ಬಜೆಟ್ಟಿನಲ್ಲಿ ನೂರಕ್ಕೆ ಎಂಟಕ್ಕಿಂತ ಜಾಸ್ತಿ ಆರೋಗ್ಯಕ್ಕೆ ಇಡಬೇಕು ಅಂತ 15ನೇ ಹಣಕಾಸು ಆಯೋಗವೂ ಹೇಳಿದೆ. ಸರ್ಕಾರ ಕೊಡದ ದುಡ್ಡನ್ನು ಯಾರು ಕೊಡುತ್ತಾರೆ? ಅದೇ ವರ್ಷ ದೇಶದಲ್ಲಿ ಆರೋಗ್ಯಕ್ಕಾದ 100 ರೂಪಾಯಿ ಖರ್ಚಿನಲ್ಲಿ 39 ರೂಪಾಯಿ ಜನರ ಜೇಬಿನಿಂದಲೇ ಹೋಗಿದೆ. ಆ ಅಕ್ಕನ ಹಸು ಹೋದದ್ದು ಈ ಲೆಕ್ಕದಲ್ಲೇ.

ನಮ್ಮ ಕಷ್ಟ ಏನೆಂದರೆ, ಈ ಕೆಲಸ ಚೆನ್ನಾಗಿ ಆದರೆ ಯಾರಿಗೂ ಕಾಣುವುದಿಲ್ಲ. ಆಸ್ಪತ್ರೆ ಕಟ್ಟಡವಾದರೆ ಟೇಪು ಕತ್ತರಿಸಬಹುದು. ಬಾರದ ಜ್ವರಕ್ಕೆ ಯಾರು ಟೇಪು ಕತ್ತರಿಸುತ್ತಾರೆ? ಕಾಯಿಲೆ ಎರಡು ವರ್ಷ ಸುಮ್ಮನಿದ್ದರೆ "ಈಗ ಮಂಗ ಸಾಯುತ್ತಿಲ್ಲವಲ್ಲ, ಇವರಿಗೆ ಯಾಕೆ ಇಷ್ಟು ಸಿಬ್ಬಂದಿ?" ಅನ್ನುತ್ತಾರೆ. ಹುದ್ದೆ ಖಾಲಿ ಬಿಡುತ್ತಾರೆ. ಆಮೇಲೆ 2018ರ ಡಿಸೆಂಬರ್‌ನಲ್ಲಿ ಸಾಗರದ ಅರಳಗೋಡಿನಲ್ಲಿ ಆದ ಹಾಗೆ ಸಾವಿನ ಸುದ್ದಿ ಬಂದಾಗ ಟಿವಿಯವರು ಬರುತ್ತಾರೆ, ದೊಡ್ಡವರು ಬರುತ್ತಾರೆ, ದುಡ್ಡೂ ಬರುತ್ತದೆ. ಇದು ನಮ್ಮ ಜಿಲ್ಲೆಯ ಗೋಳು ಮಾತ್ರ ಅಂತಲೂ ತಿಳಿಯಬೇಡಿ. ಸೊರಬದಿಂದ ಹೊರಟ ಕಾಯಿಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದ ತನಕ ಕಾಣಿಸಿಕೊಂಡಿದೆ.

ದುಡ್ಡು, ಜನ ಎರಡನ್ನೂ ಎಡೆಬಿಡದೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಪೋಲಿಯೋ ಸಾಕ್ಷಿ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ. ಅದಾದ ಮೇಲೂ ಹನಿ ಹಾಕುವುದನ್ನು ನಿಲ್ಲಿಸಿದೆವಾ? ಇಲ್ಲ. 2014ರಲ್ಲಿ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಬಂದ ಮೇಲೂ ನಿಲ್ಲಿಸಲಿಲ್ಲ. ಮಂಗನ ಕಾಯಿಲೆಗೂ ಅದೇ ಹಟ ಬೇಕು.

ನೀವು ಏನು ಮಾಡಬೇಕು? ಈಗ ದೀಪಾವಳಿ ಕಳೆದಿದೆ, ಡಿಸೆಂಬರ್ ಬಾಗಿಲಲ್ಲಿದೆ. ಮುಂದಿನ ಗ್ರಾಮಸಭೆಗೆ ಹೋಗಿ. ರಸ್ತೆ, ಚರಂಡಿ ಕೇಳುವ ಮೊದಲು ಇದನ್ನು ಕೇಳಿ. ಡೆಪಾ ಎಣ್ಣೆ ನಮ್ಮ ಉಪಕೇಂದ್ರಕ್ಕೆ ಬಂದಿದೆಯಾ? ಎಷ್ಟು ಬಾಟಲಿ? ಪುಡಿ ಇದೆಯಾ? ಜೀಪಿಗೆ ಡೀಸೆಲ್ ಬಾಕಿ ತೀರಿದೆಯಾ? ಖಾಲಿ ಹುದ್ದೆ ಎಷ್ಟು? ಗ್ರಾಮ ಆರೋಗ್ಯ ಸಮಿತಿಗೆ ಬರುವ ವರ್ಷದ 10 ಸಾವಿರ ಯಾವುದಕ್ಕೆ ಹೋಯಿತು? ಬರಿದೇ ಬಾಯಲ್ಲಿ ಕೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಲು ಹೇಳಿ. ಶಾಸಕರು ಊರಿಗೆ ಬಂದರೆ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿ. ಆಶಾ ಅವರನ್ನು ಬೈಯಬೇಡಿ, ಎಣ್ಣೆ ತಯಾರಿಸುವುದು ಅವರಲ್ಲ.

ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಅದೇ ದಿನ ತಿಳಿಸಿ. ಜ್ವರ ಬಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಬಂದು ರಕ್ತ ಪರೀಕ್ಷೆ ಮಾಡಿಸಿ.

ನಮಸ್ಕಾರ.