ಕಟ್ಟೆಯ ಮಟ್ಟ ಗೊತ್ತು, ವಸಡಿನ ಮಟ್ಟ?

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದು ರಿಟೈರ್ ಆದವನು. ವಸಡಿನ ಕಾಯಿಲೆ ಜೊತೆ 15 ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಇಲ್ಲಿ ನಿಂತು ಮಾತಾಡೋಕೆ ನನಗಿರುವ ಅರ್ಹತೆ ಅದೊಂದೇ.

ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಕನ್ನಂಬಾಡಿ ಕಟ್ಟೆ ಎಷ್ಟು ಅಡಿ ಇದೆ?

ನೋಡಿ, ಹಿಂದಿನ ಸಾಲಿನಿಂದಲೂ ಉತ್ತರ ಬಂತು! ಮಂಡ್ಯದಲ್ಲಿ ಪೇಪರ್ ಬಂದ ತಕ್ಷಣ ಕಣ್ಣು ಹೋಗೋದೇ ಅಲ್ಲಿಗೆ. 124.80 ಅಡಿ ಅಂದರೆ ತುಂಬಿದ ಕಟ್ಟೆ ಅಂತ ಮಕ್ಕಳಿಗೂ ಗೊತ್ತು. ಈಗ ಇನ್ನೊಂದು ಪ್ರಶ್ನೆ. ನಿಮ್ಮ ವಸಡು ಎಷ್ಟು ಮಿಲಿಮೀಟರ್ ಇದೆ?

ಸದ್ದೇ ಇಲ್ಲ. ನನಗೂ 47 ವರ್ಷ ಆಗುವ ತನಕ ಗೊತ್ತಿರಲಿಲ್ಲ. ವಸಡಿಗೂ ಒಂದು ಮಟ್ಟ ಇದೆ, ಅದನ್ನು ಅಳೆಯೋಕೆ ಒಂದು ಕಡ್ಡಿ ಇದೆ ಅನ್ನೋದೇ ಗೊತ್ತಿರಲಿಲ್ಲ.

ನನಗೆ ಮೊದಲ ಸುಳಿವು ಸಿಕ್ಕಿದ್ದು ಒಂದು ಸೀಬೆಹಣ್ಣಿನಲ್ಲಿ. ಅರ್ಧ ಕಚ್ಚಿ ತಟ್ಟೆಯಲ್ಲಿ ಇಟ್ಟಿದ್ದೆ. ಬಿಳಿ ತಿರುಳಿನ ಮೇಲೆ ಸಾಲಾಗಿ ನಾಲ್ಕು ಕೆಂಪು ಗೆರೆ. ಒಳಗೆ ಕೆಂಪಗಿರುವ ಜಾತಿ ಹಣ್ಣು ಅಂದುಕೊಂಡೆ, ನೋಡಿ ನನ್ನ ಬುದ್ಧಿ. ಮನೆಯವಳು ಎತ್ತಿ ನೋಡಿ, "ಇದು ರಕ್ತ ಕಣ್ರೀ" ಅಂದಳು.

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಬ್ರಶ್ ಗಟ್ಟಿ ಆಯ್ತು ಅಂತ ಬ್ರಶ್ ಬದಲಾಯಿಸಿದೆ. ಪೇಸ್ಟ್ ಬದಲಾಯಿಸಿದೆ. ಕೊನೆಗೆ ರಕ್ತ ಬರುವ ಕಡೆ ಉಜ್ಜೋದನ್ನೇ ಬಿಟ್ಟೆ. ರಕ್ತ ಬರುತ್ತಿದ್ದದ್ದೇ ಅಲ್ಲಿ ಕೊಳೆ ಕೂತಿತ್ತು ಅಂತ. ಉಜ್ಜೋದು ಬಿಟ್ಟರೆ ಇನ್ನೂ ಕೂರುತ್ತದೆ, ಅಲ್ವಾ? ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆ, ಹೆಸರು ಬೇಡ. ಹತ್ತು ನಿಮಿಷ ಕ್ಲೀನ್ ಮಾಡಿ "ಆಯ್ತು, ಹೋಗಿ ಬನ್ನಿ" ಅಂದರು. ಅಳತೆ ಇಲ್ಲ, ಎಕ್ಸ್‌ರೇ ಇಲ್ಲ, ಮತ್ತೆ ಯಾವಾಗ ಬರಬೇಕು ಅನ್ನೋದೂ ಇಲ್ಲ. ನಾನೂ ಕೇಳಲಿಲ್ಲ. ನೋವೇ ಇರಲಿಲ್ಲವಲ್ಲ! ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಅಂತ ತಾನೆ ನಮ್ಮ ಲೆಕ್ಕ. ಹಾಗೆ ಎರಡು ವರ್ಷ ಕಳೆಯಿತು.

ಸಂಕ್ರಾಂತಿ ದಿನ ತಮ್ಮನ ಮಗ ಒಂದು ಕಬ್ಬಿನ ಜಲ್ಲೆ ತಂದು "ಸುಲಿದುಕೊಡು ದೊಡ್ಡಪ್ಪ" ಅಂದ. ಮಂಡ್ಯದಲ್ಲಿ ಹುಟ್ಟಿ ಕಬ್ಬು ಸುಲಿಯೋಕೆ ಮಚ್ಚು ಹುಡುಕಿದರೆ ಮರ್ಯಾದೆ ಉಳಿಯುತ್ತಾ? ಹಲ್ಲು ಹಾಕಿ ಎಳೆದೆ. ಕೆಳಗೆ ಬಲಗಡೆ ಒಂದು ಹಲ್ಲು, ಹಸು ಕಟ್ಟುವ ಗೂಟ ಮಳೆಗಾಲದಲ್ಲಿ ಅಲ್ಲಾಡುತ್ತದಲ್ಲ, ಹಾಗೆ ಅಲ್ಲಾಡಿತು. ಹುಡುಗನಿಗೆ ಗೊತ್ತಾಗದ ಹಾಗೆ ಜಲ್ಲೆಯನ್ನು ಅವನಪ್ಪನ ಕೈಗೆ ದಾಟಿಸಿದೆ.

ಅದೇ ವಾರ ಪ್ಯಾಸೆಂಜರ್ ಹತ್ತಿ ಮೈಸೂರಿನ ಒಂದು ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಇಬ್ಬರು ಹುಡುಗಿಯರು, ಓದುತ್ತಿರುವ ಡಾಕ್ಟರುಗಳು. ಒಬ್ಬಳ ಕೈಯಲ್ಲಿ ತೆಳ್ಳಗಿನ ಒಂದು ಕಡ್ಡಿ, ಅದರ ಮೇಲೆ ಕಪ್ಪು ಗೆರೆಗಳು. ಇನ್ನೊಬ್ಬಳ ಕೈಯಲ್ಲಿ ಪೆನ್ನು, ಹಾಳೆ. ಇವಳು ಕಡ್ಡಿಯನ್ನು ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಮೆಲ್ಲಗೆ ಇಳಿಸಿ ಕೂಗೋದು, ಅವಳು ಬರೆಯೋದು. "ತ್ರೀ, ಟೂ, ತ್ರೀ. ಫೋರ್, ತ್ರೀ, ಫೈವ್." ನನಗೆ ನಗು ಬಂತು. ನಾಲೆ ತೂಬಿನ ಹತ್ತಿರ ನಿಂತು ಗೇಜ್ ಓದಿಸಿ ಪುಸ್ತಕಕ್ಕೆ ಬರೆಸುವ ಕೆಲಸವನ್ನು 25 ವರ್ಷ ಮಾಡಿದವನು ನಾನು. ಈಗ ನನ್ನ ಬಾಯಲ್ಲೇ ಗೇಜ್ ಓದುತ್ತಿದ್ದಾರೆ! ಬಲಗಡೆ ಆ ಹಲ್ಲಿಗೆ ಬಂದಾಗ "ಸಿಕ್ಸ್, ಫೈವ್, ಸೆವೆನ್" ಅಂದಳು. ಬರೆಯುವವಳು ತಲೆ ಎತ್ತಿದಳು. ನಗು ನಿಂತಿತು.

ಅವರು ಹೇಳಿಕೊಟ್ಟದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ವಸಡು ಹಲ್ಲಿನ ಸುತ್ತ ಅಂಗಿ ಕಾಲರ್ ಥರ ಇರುತ್ತದೆ. ಕಾಲರ್ ಒಳಗೆ ಒಂದು ಸಣ್ಣ ಸಂದಿ. 3 ಮಿಲಿಮೀಟರ್ ತನಕ ಇದ್ದರೆ ಚೆನ್ನಾಗಿದೆ ಅಂತ. 4 ದಾಟಿತು, ಅದರ ಜೊತೆ ರಕ್ತವೂ ಬರುತ್ತಿದೆ ಅಂದರೆ ಅಲ್ಲಿ ಜೇಬು ಬಿದ್ದಿದೆ ಅಂತ ಅರ್ಥ. 5, 6 ಆದ ಮೇಲೆ ನೀವು ಎಷ್ಟು ಉಜ್ಜಿದರೂ ಬ್ರಶ್ ತಳ ಮುಟ್ಟೋದಿಲ್ಲ. ಒಂದು ಹಲ್ಲಿಗೆ 6 ಕಡೆ ಅಳೆಯುತ್ತಾರೆ. ನನಗೆ ಆಗ 28 ಹಲ್ಲು, ಒಟ್ಟು 168 ಅಳತೆ. ಆಮೇಲೆ ಎಕ್ಸ್‌ರೇ. ಹಲ್ಲನ್ನು ಹಿಡಿದಿರುವ ಮೂಳೆ ಎಲ್ಲಿ ತನಕ ಕರಗಿದೆ ಅನ್ನೋದು ಅದರಲ್ಲೇ ಗೊತ್ತಾಗೋದು.

ಇದಕ್ಕೆಲ್ಲ ಕಾರಣ ಹಲ್ಲಿನ ಬುಡದಲ್ಲಿ ಕೂರುವ ಲೋಳೆ. ಅದು ಬರೀ ಕೊಳೆ ಅಲ್ಲ, ಜೀವ ಇರುವ ಕೊಳೆ. ಇದನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ, ಲೇವನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿಯಿಂದ ಲೋಳೆ ಕೆರೆದು, ತಾನೇ ಮಾಡಿಕೊಂಡ ಭೂತಗನ್ನಡಿಯಲ್ಲಿ ನೋಡಿದ. ಒಳಗೆ ಓಡಾಡುವ ಪ್ರಾಣಿಗಳು! ಪಾಪ, ಅವನು ದಿನಾ ಬೆಳಿಗ್ಗೆ ಉಪ್ಪಲ್ಲಿ ಹಲ್ಲು ಉಜ್ಜುತ್ತಿದ್ದವನು. ಆದರೂ ಅಷ್ಟೊಂದು ಇದ್ದವು. ಆ ಕಾಲಕ್ಕೆ ನಮ್ಮ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವರ ಹೆಸರಿನ ಸಿಡಿಎಸ್ ನಾಲೆಯಲ್ಲಿ ಈಗಲೂ ನೀರು ಹರಿಯುತ್ತದೆ. ಯಾಕೆ ಹರಿಯುತ್ತದೆ? ಹೂಳು ತೆಗೆಯುತ್ತಲೇ ಬಂದಿದ್ದಾರೆ, ಅದಕ್ಕೆ.

ಈ ಲೋಳೆಯನ್ನು ದಿನಾ ತೆಗೆಯದಿದ್ದರೆ ಎಂಜಲಿನ ಸುಣ್ಣದಂಶ ಸೇರಿ ಗಾರೆ ಥರ ಗಟ್ಟಿಯಾಗುತ್ತದೆ. ಪಾಚಿ ಕಟ್ಟಿದೆ ಅನ್ನುತ್ತೇವಲ್ಲ, ಅದೇ. ಗಟ್ಟಿಯಾದದ್ದು ಬ್ರಶ್‌ಗೆ ಬಗ್ಗೋದಿಲ್ಲ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ 12 ಜನ ಹಲ್ಲುಜ್ಜೋದು ಬಿಟ್ಟು ನೋಡಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಹೋಯಿತು. ಅಂದರೆ ಬರೀ ವಸಡು ಊದಿ ರಕ್ತ ಬರುವ ಹಂತದಲ್ಲಿ ಎಚ್ಚೆತ್ತರೆ ಪೂರ್ತಿ ವಾಪಸ್ ಬರಬಹುದು. ಮೂಳೆ ಕರಗಿದ ಮೇಲೆ ಆ ದಾರಿ ಮುಚ್ಚುತ್ತದೆ. ಕೆಲವು ಕಡೆ ಆಪರೇಷನ್ ಮಾಡಿ ಒಂದಿಷ್ಟು ಮೂಳೆ ಬೆಳೆಸುತ್ತಾರೆ, ಎಲ್ಲ ಹಲ್ಲಿಗೂ ಆಗೋದಿಲ್ಲ.

"ನಮ್ಮಜ್ಜಿ ಬ್ರಶ್ಶೇ ಮುಟ್ಟಲಿಲ್ಲ ಸಾರ್, 80ರಲ್ಲೂ ಚಕ್ಲಿ ಕಡೀತಿದ್ರು" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸುಳ್ಳಲ್ಲ. ಶ್ರೀಲಂಕಾದ ಟೀ ತೋಟದ 480 ಕೂಲಿಯವರನ್ನು 1970ರಿಂದ 15 ವರ್ಷ ಗಮನಿಸಿದ್ದಾರೆ. ಬ್ರಶ್ ಇಲ್ಲ, ಡಾಕ್ಟರ್ ಇಲ್ಲ, ಎಲ್ಲರ ಬಾಯಲ್ಲೂ ಪಾಚಿ. ಆದರೂ 100ಕ್ಕೆ 11 ಜನಕ್ಕೆ ವಸಡು ಊದಿದ್ದು ಬಿಟ್ಟರೆ ಮುಂದಕ್ಕೆ ಏನೂ ಆಗಲಿಲ್ಲ. 81 ಜನಕ್ಕೆ ನಿಧಾನವಾಗಿ ಬೆಳೆಯಿತು. 8 ಜನಕ್ಕೆ ಬೇಗ ಬೇಗ ಹಲ್ಲು ಬಿದ್ದವು. ನಿಮ್ಮಜ್ಜಿ ಆ 11ರಲ್ಲಿ ಒಬ್ಬರು. ನೀವು ಯಾವ ಗುಂಪು ಅಂತ ಮೊದಲೇ ಹೇಳೋಕೆ ಆಗೋದಿಲ್ಲ, ಅಳೆದೇ ನೋಡಬೇಕು. ಇದನ್ನು ಓದಿದಾಗ ನನಗೆ ಒಂದು ಸಮಾಧಾನವೂ ಆಯ್ತು. ನನ್ನ ತಮ್ಮ ನನಗಿಂತ ಸೋಮಾರಿ, ಅವನ ವಸಡು ಗಟ್ಟಿ. ಎಲ್ಲವೂ ನನ್ನ ತಪ್ಪೇ ಅಲ್ಲ.

ಚಿಕಿತ್ಸೆಗೆ ಬರುತ್ತೇನೆ. ಬಾಯನ್ನು ನಾಲ್ಕು ಭಾಗ ಮಾಡಿ, ನಾಲ್ಕು ಸಲ ಕರೆದು, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ತನಕ ಕೆರೆದರು. ಆಗ ನೋವಿಲ್ಲ. ಆಮೇಲೆ ಎರಡು ವಾರ ತಣ್ಣಗಿನ ಮಜ್ಜಿಗೆ ಕುಡಿಯೋಕೆ ಆಗಲಿಲ್ಲ, ಜುಮ್ ಅನ್ನುತ್ತಿತ್ತು. ಊತ ಇಳಿದು ವಸಡು ಕೆಳಗೆ ಸರಿಯಿತು. ಹಲ್ಲಿನ ಮಧ್ಯೆ ಸಂದಿ ಕಾಣಿಸಿತು. "ನಿಮ್ಮ ಹಲ್ಲು ಉದ್ದ ಆಗಿದಾವಲ್ರೀ" ಅಂದಳು ಮನೆಯವಳು.

ಇಲ್ಲೇ ನಮ್ಮ ಊರಿನ ದೊಡ್ಡ ಮಾತು ಬರೋದು. "ಕ್ಲೀನ್ ಮಾಡ್ಸುದ್ರೆ ಹಲ್ಲು ಸಡ್ಲ ಆಯ್ತವೆ ಕಣಣ್ಣ, ಬ್ಯಾಡ." ನನಗೆ ಇದನ್ನು ಹತ್ತು ಜನ ಹೇಳಿದ್ದಾರೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿ ನಾಲೆ ಹೂಳು ತೆಗೆಸುತ್ತೇವೆ. ಹೂಳು ತೆಗೆದ ಮೇಲೆ ಗೋಡೆಯ ಬಿರುಕು ಕಾಣಿಸುತ್ತದೆ. ಹೂಳು ತೆಗೆದವನೇ ಬಿರುಕು ಬಿಡಿಸಿದ ಅನ್ನುತ್ತೀರಾ? ಪಾಚಿ ಅಷ್ಟು ದಿನ ಸಡಿಲ ಹಲ್ಲನ್ನು ಗಾರೆ ಥರ ಹಿಡಿದುಕೊಂಡಿರುತ್ತದೆ, ಒಳಗೊಳಗೇ ಮೂಳೆಯನ್ನೂ ತಿನ್ನುತ್ತಿರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಅಳೆದಾಗ ನನ್ನ 7 ಇಳಿದು 5 ಆಗಿತ್ತು. ಉಳಿದ ಕಡೆ ಬಹಳಷ್ಟು 3ಕ್ಕೆ ಬಂದಿದ್ದವು. ಹಲ್ಲುಗಳು ಗಟ್ಟಿಯಾಗಿ ಕೂತವು.

"ಹಾಗಾದ್ರೆ ವಾಸಿ ಆಯ್ತಾ?" ಅಂತ ಕೇಳಿದೆ. ಆ ಕಡ್ಡಿ ಹಿಡಿದಿದ್ದ ಹುಡುಗಿ, "ಇಲ್ಲ ಅಂಕಲ್, ಕಂಟ್ರೋಲಿಗೆ ಬಂತು. ಮೂರು ತಿಂಗಳಿಗೊಮ್ಮೆ ಬರ್ತಿರಿ" ಅಂದಳು. ಎಲ್ಲಿ ತನಕ? "ಹಲ್ಲು ಇರೋ ತನಕ." ಆ ಮಾತಿಗೆ ನಾನು ಹೊಂದಿಕೊಳ್ಳೋಕೆ ಒಂದು ವರ್ಷ ಬೇಕಾಯಿತು. ನಾಲ್ಕನೇ ವರ್ಷ ಮಗಳ ಮದುವೆ, ಮನೆ ಕೆಲಸ ಅಂತ ಒಂದೂವರೆ ವರ್ಷ ಹೋಗಲಿಲ್ಲ. ಆ ಬಲಗಡೆ ಹಲ್ಲು ಆಗಲೇ ಹೋಯಿತು.

ಹಲ್ಲಿಗೆ ಮನೆಯಲ್ಲಿ ನಾವೇ ಮಾಡಬೇಕಾದ ಕೆಲಸ ಏನು ಅಂದರೆ, ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ. ಮೆತ್ತಗಿನ ಬ್ರಶ್. ಅದನ್ನು ಓರೆಯಾಗಿ ಹಿಡಿದು, ಎಳೆಗಳು ವಸಡಿನ ಅಂಚು ಮುಟ್ಟುವ ಹಾಗೆ, ಸಣ್ಣಗೆ ಅಲ್ಲಾಡಿಸೋದು. ಪಾತ್ರೆ ಉಜ್ಜುವ ಹಾಗೆ ಉಜ್ಜಿದರೆ ಹಲ್ಲೇ ಸವೆಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಅಂತೂ ಬೇಡ. ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ನಂಜನಗೂಡು ಹಲ್ಲುಪುಡಿ. 1913ರಿಂದ ಇರುವ ಪುಡಿ ಅದು, ಅಂಗೈಯಲ್ಲಿ ಆ ಗುಲಾಬಿ ಬಣ್ಣ ಈಗಲೂ ಕಣ್ಣಿಗೆ ಕಟ್ಟುತ್ತದೆ. ಪುಡಿಯೋ ಪೇಸ್ಟೋ ಅನ್ನೋದಕ್ಕಿಂತ, ಬರೀ ಬೆರಳು ಹಲ್ಲಿನ ಸಂದಿಗೆ ಇಳಿಯೋದಿಲ್ಲ ಅನ್ನೋದು ಮುಖ್ಯ. ಸಂದಿಗೇ ಅಂತ ಸಣ್ಣ ಬ್ರಶ್ ಬರುತ್ತದೆ, ಬಾಟಲಿ ತೊಳೆಯುವ ಬ್ರಶ್‌ನ ಮರಿ ಇದ್ದ ಹಾಗೆ. ಬೇರೆ ಬೇರೆ ಸೈಜ್ ಇರುತ್ತದೆ. ನಿಮ್ಮ ಸಂದಿಗೆ ಯಾವುದು ಅಂತ ಡಾಕ್ಟರ್ ಹತ್ತಿರ ನೋಡಿಸಿಕೊಳ್ಳಿ. ಪೊರಕೆ ಕಡ್ಡಿ, ಗುಂಡುಪಿನ್ನು ಹಾಕಿ ಕುಕ್ಕಬೇಡಿ. ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟರೆ ಹೇಳಿದಷ್ಟು ದಿನ ಸಾಕು. ಕ್ಲೋರ್‌ಹೆಕ್ಸಿಡಿನ್ ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕರೆ ಬರುತ್ತದೆ. ನನಗೆ ಬಂದಿತ್ತು.

ಎಲೆ ಅಡಿಕೆ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕುವವರು ಇಲ್ಲೂ ಇದ್ದೀರಿ, ಗೊತ್ತು. ಬೀಡಿ, ಸಿಗರೇಟಿನದು ಇನ್ನೊಂದು ಮೋಸ. ಸೇದುವವರ ವಸಡಿನಲ್ಲಿ ರಕ್ತ ಕಮ್ಮಿ ಬರುತ್ತದೆ, ಆದರೆ ಒಳಗೆ ಮೂಳೆ ಜಾಸ್ತಿ ಕರಗುತ್ತದೆ. ಗೇಜ್ ಕೆಟ್ಟಿದೆ ಅಂತ ನೀರು ಏರೋದು ನಿಲ್ಲುತ್ತದಾ?

ಶುಗರ್ ಇರುವವರು ಇದನ್ನು ಗಮನ ಕೊಟ್ಟು ಕೇಳಿ. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಕೆಡುತ್ತದೆ. ವಸಡು ಕೆಟ್ಟಿದ್ದರೆ ಶುಗರ್ ಹತೋಟಿಗೆ ಬರೋದು ಕಷ್ಟ. ವಸಡಿಗೆ ಚಿಕಿತ್ಸೆ ಆದ ಮೇಲೆ ಮೂರು ತಿಂಗಳ ಸರಾಸರಿ ಶುಗರ್ ಸ್ವಲ್ಪ ಇಳಿಯೋದನ್ನೂ ನೋಡಿದ್ದಾರೆ. ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ ವಸಡು ದಪ್ಪ ಆಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಖರ್ಚಿನ ಮಾತು ಒಂದಿದೆ. ಮೈಸೂರಿನಲ್ಲಿ ಬನ್ನಿಮಂಟಪದ ಜೆಎಸ್‌ಎಸ್, ತಿಲಕ್ ನಗರದ ಫಾರೂಕಿಯಾ, ಎರಡು ಡೆಂಟಲ್ ಕಾಲೇಜುಗಳಿವೆ. ಸಾಮಾನ್ಯವಾಗಿ ಇಂಥ ಕಲಿಸುವ ಆಸ್ಪತ್ರೆಗಳಲ್ಲಿ ಖರ್ಚು ಹಗುರ. ಆದರೆ ದಿನ ಹೋಗುತ್ತದೆ, ತಿಂಡಿ ತಿಂದು, ಒಂದು ಪೇಪರ್ ಹಿಡಿದು ಹೋಗಿ. ವಸಡಿನ ವಿಭಾಗಕ್ಕೆ ಪೆರಿಯೊಡಾಂಟಿಕ್ಸ್ ಅನ್ನುತ್ತಾರೆ. ಎಲ್ಲಿಗೇ ಹೋದರೂ "ಅಳತೆ ಎಷ್ಟಿದೆ ಡಾಕ್ಟ್ರೇ, ಬರೆದುಕೊಡಿ" ಅಂತ ಕೇಳಿ. ನನ್ನ ಹತ್ತಿರ 15 ವರ್ಷದ ಅಳತೆ ಒಂದು ನೋಟ್‌ಬುಕ್ಕಿನಲ್ಲಿದೆ. ನಾಲೆ ಗೇಜ್ ಬರೆಯುತ್ತಿದ್ದ ಅಭ್ಯಾಸ, ಬಿಡೋಕೆ ಆಗಲಿಲ್ಲ. ಮುಂದಿನ ಗುರುವಾರ ಮತ್ತೆ ಹೋಗಬೇಕು. ಮೇಲೆ ಎಡಗಡೆ ಒಂದು ಕಡೆ ಕಳೆದ ಸಲ 5 ಇತ್ತು, ಅದರದೇ ಯೋಚನೆ.

ಈ ಡಬ್ಬಿಯಲ್ಲಿ ನಾಲ್ಕು ಸೈಜಿನ ಸಂದಿ ಬ್ರಶ್ ತಂದಿದ್ದೇನೆ. ಒಂದು ಸುತ್ತು ಕಳಿಸುತ್ತೇನೆ, ಕೈಯಲ್ಲಿ ಹಿಡಿದು ನೋಡಿ. ಹೊಸವೇ, ಹೆದರಬೇಡಿ.