ನೀರು ಎಲ್ಲಿ ನಿಲ್ಲುತ್ತದೆ, ಮೊದಲು ಅದನ್ನು ನೋಡಿ

ಎಲ್ಲರಿಗೂ ನಮಸ್ಕಾರ.

ತೋಡಿಗೆ, ಅಂದರೆ ಸಣ್ಣ ಹೊಳೆಗೆ, ಕಟ್ಟ ಹಾಕಿದರೆ ಅದರ ಹಿಂದೆ ಹೂಳು ಕೂರುತ್ತದೆ ಅಂತ ಕಾಸರಗೋಡಿನ ಬದಿಯಡ್ಕ, ಪೆರ್ಲ, ಏತಡ್ಕ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಓಡುವ ನೀರು ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ, ನಿಂತ ಕೂಡಲೇ ಕೆಳಗೆ ಬಿಡುತ್ತದೆ. ಮನೆಯಲ್ಲಿ ಉಪ್ಪುನೀರು ತುಂಬಿ ಹವಳ ಸಾಕುವ ಗಾಜಿನ ಟ್ಯಾಂಕಿನಲ್ಲೂ ನಡೆಯುವುದು ಇದೇ. ಅಲ್ಲಿ ಮಣ್ಣಿನ ಬದಲು ಮೀನಿನ ಹಿಕ್ಕೆ, ತಿಂದು ಉಳಿದ ಆಹಾರ. ಅದು ಕೂತ ಜಾಗದಲ್ಲಿ ಕೊಳೆತು ನೈಟ್ರೇಟ್ ಏರುತ್ತದೆ, ಮರಳಿನ ಮೇಲೆ ಕೆಂಪು ಲೋಳೆ ಹಬ್ಬುತ್ತದೆ.

ಹವಳ ಗಿಡದ ಹಾಗೆ ಕಂಡರೂ ಅದು ಪ್ರಾಣಿ. ಆದರೆ ಎದ್ದು ಹೋಗಿ ತಿನ್ನುವ ಪ್ರಾಣಿ ಅಲ್ಲ. ಊಟ ಬರಬೇಕಾದರೂ ನೀರೇ ತರಬೇಕು, ಹೊಲಸು ಹೋಗಬೇಕಾದರೂ ನೀರೇ ಒಯ್ಯಬೇಕು. ಇನ್ನೊಂದು ವಿಷಯ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಯಾವ ವಸ್ತುವಿನ ಮೈಗೂ ತಾಗಿಕೊಂಡು ಒಂದು ತೆಳು ಪದರದ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಹವಳ ಉಸಿರಾಡುವುದು ಆ ಪದರದ ಮೂಲಕ. ಹೊರಗಿನ ನೀರು ಜೋರಾಗಿ, ಅಡ್ಡಾದಿಡ್ಡಿಯಾಗಿ ಓಡಿದಷ್ಟು ಆ ಪದರ ತೆಳುವಾಗುತ್ತದೆ. ಹವಳದ ಒಳಗಿನ ಪಾಚಿ ಹಗಲು ಬೆಳಕಿನಲ್ಲಿ ಮಾಡಿದ ಆಮ್ಲಜನಕ ಹೊರಗೆ ಹೋಗುವುದಕ್ಕೂ ಅದೇ ದಾರಿ. ಅದಕ್ಕೇ ನಾನು ಬೆಳಕಿಗಿಂತ ಮೊದಲು ನೀರಿನ ಓಟದ ಬಗ್ಗೆ ಮಾತಾಡುವುದು.

ನನ್ನ ಮೊದಲ ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ ಸುಮಾರು 190 ಲೀಟರ್, ಕಲ್ಲು ಮರಳು ಕಳೆದರೆ 160 ಅಂತ ಇಟ್ಟುಕೊಳ್ಳಿ. ಅದರಲ್ಲಿ ಲೆದರ್ ಕೋರಲ್ ಅನ್ನುವ ಒಂದು ಮೃದು ಹವಳ ಇತ್ತು, ಅಂಗೈಯಷ್ಟು ದೊಡ್ಡದು. ಬುಡದಿಂದ ಕೊಳೆಯಲು ಶುರುವಾಯಿತು. ಅಂಗಡಿಯಲ್ಲಿ ಕೇಳಿದೆ, ದೊಡ್ಡ ಪಂಪ್ ಹಾಕಿ ಅಂದರು. ಹಾಕಿದೆ. ಮುಂದಿನ ಮರಳೆಲ್ಲ ಹಾರಿ ಒಂದು ಮೂಲೆಯಲ್ಲಿ ಗುಡ್ಡೆಯಾಯಿತು, ಕಲ್ಲಿನ ಹಿಂದಿನ ಕೊಳೆ ಮಾತ್ರ ಕೂತಲ್ಲೇ ಕೂತಿತ್ತು. ಆ ಹವಳ ಉಳಿಯಲಿಲ್ಲ. ಇವತ್ತಿಗೂ ಬೇಜಾರಿದೆ ನನಗೆ, ಯಾಕೆಂದರೆ ಅದನ್ನು ಉಳಿಸಲು ಒಂದು ರೂಪಾಯಿಯೂ ಬೇಕಾಗಿರಲಿಲ್ಲ. ಕಲ್ಲು ಸರಿಸಿದ್ದರೆ ಸಾಕಿತ್ತು.

ಹಾಗಾಗಿ ಮೊದಲ ಮಾತು ಕಲ್ಲಿನದ್ದೇ. ನಾವೆಲ್ಲ ಏನು ಮಾಡುತ್ತೇವೆ? ಹಿಂದಿನ ಗಾಜಿಗೆ ಒರಗಿಸಿ ಕಲ್ಲನ್ನು ಕಟ್ಟೆ ಕಟ್ಟಿದ ಹಾಗೆ ಪೇರಿಸುತ್ತೇವೆ. ನೋಡಲು ಚೆಂದವೇ. ಆದರೆ ಆ ಕಟ್ಟೆಯ ಹಿಂದೆ ನೀರು ಸತ್ತು ಹೋಗುತ್ತದೆ. ಗಾಜಿಗೂ ಕಲ್ಲಿಗೂ ನಡುವೆ ಕೈ ಹೋಗುವಷ್ಟು ಜಾಗ ಬಿಡಿ. ಕಲ್ಲು ಮೂರು ನಾಲ್ಕು ಕಡೆ ಮಾತ್ರ ತಳಕ್ಕೆ ತಾಗಲಿ, ಅಡಿಯಲ್ಲಿ ಗುಹೆಯ ಹಾಗೆ ತೆರೆದಿರಲಿ. ಕಲ್ಲು ಅಲುಗಾಡದ ಹಾಗೆ ಕೂರಿಸುವುದಂತೂ ಮುಖ್ಯ, ಬಿದ್ದರೆ ಗಾಜು ಹೋಗುತ್ತದೆ.

ನೀರು ಎಲ್ಲಿ ನಿಂತಿದೆ ಅಂತ ತಿಳಿಯುವುದು ಹೇಗೆ? ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ಸಿಗುತ್ತದೆ. ಸೂಜಿ ಬೇಡ. ಟ್ಯಾಂಕಿನ ನೀರನ್ನೇ ಎಳೆದು ಕಲ್ಲಿನ ಸಂದುಗಳಿಗೆ, ಮೂಲೆಗಳಿಗೆ ಜೋರಾಗಿ ಬಿಡಿ. ಎಲ್ಲಿ ಕಂದು ಮೋಡ ಏಳುತ್ತದೋ ಅಲ್ಲಿ ನೀರು ಓಡುತ್ತಿಲ್ಲ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಕೊಳೆ ಎದ್ದು ಫಿಲ್ಟರಿಗೂ ಹೋಗುತ್ತದೆ, ನಿಮಗೆ ಟ್ಯಾಂಕಿನ ನಕ್ಷೆಯೂ ಬಾಯಿಪಾಠ ಆಗುತ್ತದೆ.

ಇನ್ನು ಪಂಪ್. ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ಲೆಕ್ಕ, ಗಂಟೆಗೆ ಟ್ಯಾಂಕಿನ ನೀರಿನ 20ರಿಂದ 40 ಪಟ್ಟು ಓಡಬೇಕು. ಕಲ್ಲಿನಂಥ ಗೂಡು ಕಟ್ಟದ ಮೃದು ಹವಳ ಮಾತ್ರ ಇದ್ದರೆ 10ರಿಂದ 20 ಪಟ್ಟು ಸಾಕು. ನನ್ನ 160 ಲೀಟರಿಗೆ 20 ಪಟ್ಟು ಅಂದರೆ 3200 ಲೀಟರ್. ಈ ಸಂಖ್ಯೆಯನ್ನು ದೇವರ ಮಾತಿನ ಹಾಗೆ ಹಿಡಿಯಬೇಡಿ. 3200 ಲೀಟರ್ ಒಂದೇ ಗೆರೆಯಲ್ಲಿ ಹೋಗಿ ಎದುರಿನ ಹವಳಕ್ಕೆ ಬಡಿದರೆ ಅದರ ಮಾಂಸವೇ ಹರಿದು ಹೋಗುತ್ತದೆ. ಹವಳದ ಎಳೆಗಳು ಆಚೆ ಈಚೆ ತೂಗಾಡುತ್ತಿದ್ದರೆ ಸರಿ. ಸದಾ ಒಂದೇ ಕಡೆಗೆ ಒತ್ತಿಕೊಂಡು ಬಾಗಿದ್ದರೆ ಅಷ್ಟು ಓಟ ಅದಕ್ಕೆ ಜಾಸ್ತಿ.

ಹೊಸದಾಗಿ ತೆಗೆದುಕೊಳ್ಳುವವರು ಫ್ಯಾನಿನ ಹಾಗೆ ರೆಕ್ಕೆ ಇರುವ ವೇವ್‌ಮೇಕರ್ ಪಂಪ್ ತೆಗೆದುಕೊಳ್ಳಿ. ಹಳೆಯ ಮಾದರಿಯ ಪವರ್‌ಹೆಡ್ ಪಂಪ್ ಸಣ್ಣ ಬಾಯಿಂದ ಪಿಚಕಾರಿ ಹೊಡೆದ ಹಾಗೆ ಹೊಡೆಯುತ್ತದೆ. ರೆಕ್ಕೆಯದ್ದು ಅಷ್ಟೇ ಕರೆಂಟಿನಲ್ಲಿ ಎಷ್ಟೋ ಜಾಸ್ತಿ ನೀರನ್ನು ಅಗಲವಾಗಿ ತಳ್ಳುತ್ತದೆ. ದುಡ್ಡು ಕಡಿಮೆ ಇದ್ದರೆ ದೊಡ್ಡದು ಒಂದರ ಬದಲು ಸಣ್ಣದು ಎರಡು ಹಾಕಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಎದುರುಬದುರು ತಿರುಗಿಸಿ, ಆದರೆ ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ನಡುವೆ ಎರಡು ನೀರೂ ಡಿಕ್ಕಿ ಹೊಡೆದು ಒಡೆಯುತ್ತವೆ. ಎರಡು ತೋಡು ಸೇರುವ ಜಾಗ ನೋಡಿದ್ದೀರಲ್ವಾ, ನೀರು ಯಾವ ಕಡೆ ತಿರುಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಹವಳಕ್ಕೆ ಬೇಕಾದದ್ದು ಅದೇ. ಒಂದೇ ಪಂಪ್ ಇದ್ದವರು ಅದನ್ನು ಮುಂದಿನ ಗಾಜಿನ ಉದ್ದಕ್ಕೆ, ಮೇಲ್ಮೈಗೆ ಹತ್ತಿರವಾಗಿ ತಿರುಗಿಸಿ. ನೀರು ಎದುರಿನ ಗಾಜಿಗೆ ಬಡಿದು ಕೆಳಗಿನಿಂದ, ಹಿಂದಿನಿಂದ ಸುತ್ತಿ ಬರುತ್ತದೆ. ಮೇಲ್ಮೈ ಕದಡುವುದರಿಂದ ಎಣ್ಣೆ ಪೊರೆಯೂ ಒಡೆಯುತ್ತದೆ, ಗಾಳಿಯೂ ಬೆರೆಯುತ್ತದೆ.

ಟೈಮರ್ ಹಾಕಿ ಎರಡು ಪಂಪನ್ನು ಸರದಿಯಲ್ಲಿ ಓಡಿಸಬಹುದಾ ಅಂತ ಆಗ ಹೊರಗೆ ಒಬ್ಬರು ಕೇಳಿದರು. ಖಂಡಿತ. ನಮ್ಮ ಕುಂಬಳೆ ಕಡಲಲ್ಲಿ ಉಬ್ಬರ ಇಳಿತ ಬದಲಾಗುವುದು ಹೆಚ್ಚುಕಡಿಮೆ 6 ಗಂಟೆಗೊಮ್ಮೆ, ಹಾಗೇ ಇಡಿ. ಆದರೆ ಮನೆಯ ಕರೆಂಟಿನಲ್ಲಿ ನೇರವಾಗಿ ಓಡುವ ಅಗ್ಗದ ಎಸಿ ಪಂಪನ್ನು ನಿಮಿಷಕ್ಕೊಮ್ಮೆ ಆನ್ ಆಫ್ ಮಾಡಬೇಡಿ, ಬೇಗ ಸವೆಯುತ್ತದೆ.

ಸಂಪ್, ಅಂದರೆ ಟ್ಯಾಂಕಿನ ಕೆಳಗೆ ಫಿಲ್ಟರಿನ ಇನ್ನೊಂದು ತೊಟ್ಟಿ ಇರುವವರು, ಅಲ್ಲಿಂದ ನೀರನ್ನು ಮೇಲೆ ತರುವ ರಿಟರ್ನ್ ಪೈಪನ್ನೂ ನೋಡಬೇಕು. ಇದನ್ನು ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಎಳೆದವರು ನನಗಿಂತ ಚೆನ್ನಾಗಿ ಹೇಳಿಯಾರು. ಸಪೂರ ಪೈಪ್, ಸಾಲು ಸಾಲು ಎಲ್ಬೋ, ಮೇಲೆ ಏರಬೇಕಾದ ಎತ್ತರ, ಎಲ್ಲ ಸೇರಿ ನೀರನ್ನು ತಿನ್ನುತ್ತವೆ. ಪಂಪಿನ ಡಬ್ಬಿಯ ಮೇಲೆ ಬರೆದದ್ದು ಒಂದಿಷ್ಟೂ ಮೇಲೇರಿಸದೆ ಓಡಿಸಿದಾಗಿನ ಲೆಕ್ಕ. ನಿಜ ತಿಳಿಯಬೇಕಾದರೆ ಪೈಪಿನ ಬಾಯಿಯನ್ನು ಟ್ಯಾಂಕಿನ ಎತ್ತರದಲ್ಲೇ ಒಂದು 20 ಲೀಟರ್ ಬಕೆಟಿಗೆ ಬಿಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 1200 ಲೀಟರ್. ಅರ್ಧ ಇಂಚಿನ ಪೈಪನ್ನು ಮುಕ್ಕಾಲಿಗೋ ಒಂದಕ್ಕೋ ಬದಲಿಸಿ, 90 ಡಿಗ್ರಿ ಎಲ್ಬೋ ಇದ್ದಲ್ಲಿ 45ರ ಬೆಂಡ್ ಎರಡು ಹಾಕಿ, ಮತ್ತೆ ಅಳೆಯಿರಿ. ಒಂದು ಮಾತು, ತೋಟದಲ್ಲಿ ಉಳಿದ ಹಿತ್ತಾಳೆ ವಾಲ್ವ್, ಕಬ್ಬಿಣದ ಕ್ಲಿಪ್ ಯಾವುದನ್ನೂ ತರಬೇಡಿ. ಉಪ್ಪುನೀರಿಗೆ ಹಿತ್ತಾಳೆಯಿಂದ ತಾಮ್ರ ಬಿಡುತ್ತದೆ, ತಾಮ್ರ ಹವಳಕ್ಕೆ ವಿಷ.

ಹಳೆ ಪಂಪ್ ನಿಧಾನ ಆಯಿತು ಅಂತ ಬಿಸಾಡುವ ಮೊದಲು ಬಿಚ್ಚಿ ನೋಡಿ. ಒಳಗೆ ಸುಣ್ಣ ಕಟ್ಟಿರುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಒಂದು ಗಂಟೆ ಮುಳುಗಿಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸಿಟ್ರಿಕ್ ಆಸಿಡ್ ಕರಗಿಸಿದ ನೀರೂ ಆಗುತ್ತದೆ. ನಾನು ಎರಡು ತಿಂಗಳಿಗೊಮ್ಮೆ ಮಾಡುತ್ತೇನೆ, ಹೊಸ ಪಂಪ್ ಬಂದ ಹಾಗೆ ಆಗುತ್ತದೆ.

ಪಂಪ್ ಹೆಚ್ಚಿಸುವವರಿಗೆ ನಮ್ಮ ಸೆಕೆಯ ವಿಷಯ. ನೀರಿನೊಳಗಿನ ಪಂಪ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಹವಳಕ್ಕೆ 25ರಿಂದ 27 ಡಿಗ್ರಿ ಹಿತ, ನಮ್ಮ ಏಪ್ರಿಲ್ ಗೊತ್ತೇ ಇದೆ. ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿದರೆ ಆವಿಯಾಗಿ ತಂಪಾಗುತ್ತದೆ, ಕಡಿಮೆಯಾದ ನೀರಿಗೆ ಉಪ್ಪಿಲ್ಲದ ಶುದ್ಧ ನೀರು ತುಂಬಬೇಕು. ಮಳೆಗಾಲದ ತೇವದಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ. ಆಗ ಇನ್ನೊಂದು ಕಷ್ಟ, ಗುಡುಗು ಬಂದರೆ ಕರೆಂಟ್ ಇಲ್ಲ. ಮನೆಯಲ್ಲಿ 150 ಆಂಪಿಯರ್ ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ 10 ವ್ಯಾಟಿನ ವೇವ್‌ಮೇಕರ್ ಒಂದನ್ನೇ ಅದಕ್ಕೆ ಕೊಡಿ, ಒಂದು ದಿನ ಆರಾಮಾಗಿ ಓಡುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಹಾಕುವ ಗಾಳಿ ಪಂಪ್ ಇಟ್ಟುಕೊಳ್ಳಿ. ಪಂಪಿನ ವಯರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಇರಲಿ, ಆಗ ವಯರಿನಲ್ಲಿ ಇಳಿದ ನೀರು ಪ್ಲಗ್ಗಿಗೆ ಹೋಗುವುದಿಲ್ಲ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಮನೆಗೆ ಇರಲೇಬೇಕು. ಉಪ್ಪುನೀರು ಮತ್ತು ಕರೆಂಟ್, ಸಲಿಗೆ ಬೇಡ.

ಹವಳ ಎಲ್ಲಿಂದ ತರುತ್ತೀರಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ನೇತ್ರಾಣಿ ದ್ವೀಪಕ್ಕೋ ಲಕ್ಷದ್ವೀಪಕ್ಕೋ ಹೋದಾಗ ಒಂದು ತುಂಡು ಕಿತ್ತು ತರೋಣ ಅಂತ ಯೋಚಿಸಲೂಬೇಡಿ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಕಲ್ಲು ಹವಳಗಳನ್ನು 2001ರಲ್ಲೇ ಒಂದನೇ ಷೆಡ್ಯೂಲಿಗೆ ಸೇರಿಸಿದ್ದಾರೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಮಾರುವವರ ಹತ್ತಿರ ಕಾಗದಪತ್ರ ಕೇಳಿ, ಇಲ್ಲದಿದ್ದರೆ ಬಿಟ್ಟು ಬನ್ನಿ.

ಈಗ ಮೇಜಿನ ಮೇಲಿರುವ, ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ಬಕೆಟ್. ಹೊನೊಲುಲುವಿನ ವೈಕಿಕಿ ಅಕ್ವೇರಿಯಂನಲ್ಲಿದ್ದ ಬ್ರೂಸ್ ಕಾರ್ಲ್‌ಸನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. ಟ್ಯಾಂಕಿಗಿಂತ ಮೇಲೆ ಒಂದು ಬಕೆಟ್, ಅದರೊಳಗಿಂದ ಮೇಲೆ ಹೋಗಿ ಬಾಗಿ ಕೆಳಗಿಳಿಯುವ ಒಂದು ಅಗಲದ ಪಿವಿಸಿ ಪೈಪ್, ಬಕೆಟ್ ತುಂಬಿಸಲು ಒಂದು ಸಣ್ಣ ಪಂಪ್. ನೀರು ಬಾಗಿನ ಎತ್ತರಕ್ಕೆ ಬಂದ ಕೂಡಲೇ ಸೈಫನ್ ಹಿಡಿದು ಇಡೀ ಬಕೆಟ್ ಒಂದೇ ಸಲಕ್ಕೆ ಖಾಲಿ, ಗಾಳಿ ಎಳೆದಾಗ ನಿಲ್ಲುತ್ತದೆ, ಮತ್ತೆ ತುಂಬುತ್ತದೆ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಿನ ಹಾಗೆ, ಇಳಿಯುವಾಗ ಮೋಟಾರ್ ಬೇಡ. ಪಂಪ್ ಸೈಫನ್ನಿಗಿಂತ ನಿಧಾನ ಇರಬೇಕು, ಇಲ್ಲದಿದ್ದರೆ ಗಾಳಿ ಎಳೆಯುವುದೇ ಇಲ್ಲ. 15 ಲೀಟರ್ ಒಮ್ಮೆಲೇ ಬಿದ್ದರೆ ನನ್ನ 3 ಅಡಿ ಟ್ಯಾಂಕಿನಲ್ಲಿ ನೀರು ಮೂರೂವರೆ ಸೆಂಟಿಮೀಟರಿಗಿಂತ ಜಾಸ್ತಿ ಏರುತ್ತದೆ, ಅಷ್ಟು ಜಾಗ ಮೇಲೆ ಖಾಲಿ ಬಿಟ್ಟಿರಬೇಕು. ಸದ್ದಿದೆ, ಗುಳ್ಳೆ ಇದೆ, ಉಪ್ಪು ಸಿಡಿಯುತ್ತದೆ, ಮಲಗುವ ಕೋಣೆಗೆ ಬೇಡ. ಆದರೆ ಅಲೆ ಬಂದು ಹೋಗುವ ಆ ಒಂದು ಕ್ಷಣ ಹವಳಗಳೆಲ್ಲ ಒಟ್ಟಿಗೆ ಬಾಗಿ ಏಳುವುದನ್ನು ಸಾವಿರಾರು ರೂಪಾಯಿಯ ಪಂಪಿನಲ್ಲೂ ನಾನು ನೋಡಿಲ್ಲ.

ಪಂಪ್ ಹಾಕುತ್ತಿದ್ದೇನೆ. ತುಂಬಲು ಒಂದೂವರೆ ನಿಮಿಷ ಬೇಕು. ಮುಂದಿನ ಸಾಲಿನ ಮಕ್ಕಳು ಸ್ವಲ್ಪ ಹಿಂದೆ ಸರಿದು ನಿಲ್ಲಿ, ಪೈಪಿನ ಬಾಗನ್ನೇ ನೋಡುತ್ತಿರಿ.